ಹೌನ್ಸ್ಲೋ ಸುತ್ತಿ ಬಂದ ದರಪಟ್ಟಿ

ನಾನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಲಂಡನ್ನಿನ ಪಾರ್ಕ್ ರಾಯಲ್‌ನ ನಮ್ಮ ದೋಸೆಹಿಟ್ಟಿನ ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳುವುದು ನಾನೇ. ಇಬ್ಬರು ಮನೆಯಿಂದ ಕೆಲಸ ಮಾಡುತ್ತಿದ್ದರು: ಕ್ರೋಯ್ಡನ್‌ನಲ್ಲಿ ಹೋಟೆಲುಗಳಿಗೆ ದರಪಟ್ಟಿ ಮಾಡುವ ವೇದಾ, ಹೌನ್ಸ್ಲೋದಲ್ಲಿ ಹರ್ಷಿತ್. ಹರ್ಷಿತನ ಹೆಂಡತಿ ಪ್ರೇಕ್ಷಾಗೆ ಏರ್‌ಪೋರ್ಟಿನಲ್ಲಿ ಕೆಲಸ, ಮನೆಯಲ್ಲಿ ವರ್ಷದ ಮಗುವನ್ನು ನೋಡಿಕೊಳ್ಳುವವನು ಅವನೇ.

"ಎರಡೇ ಮನೆ ಅಲ್ವಾ ಮಂಜಯ್ಯನವರೇ, ಫೈಲುಗಳು ಹೋಗೋ ದಾರಿಗಳನ್ನ ರೂಟರಿನಲ್ಲಿ ಕೈಯಲ್ಲೇ ಬರೆದುಬಿಡಿ," ಎಂದಿದ್ದಳು ವೇದಾ. ನನಗೆ ಹೇಳಿಕೊಡಲು ಇವಳ್ಯಾರು? ಆಫೀಸು, ಎರಡು ಮನೆ, ಮೂರನ್ನೂ ಒಂದಕ್ಕೊಂದು ಜೋಡಿಸಿ ದಾರಿಯನ್ನು ತಾನೇ ಆರಿಸುವ ರಿಪ್ ಎಂಬ ವ್ಯವಸ್ಥೆ ಹಾಕಿದೆ. ಒಂದು ಕೊಂಡಿ ಕಡಿದರೆ ರೂಟರುಗಳೇ ಮಾತಾಡಿಕೊಂಡು ಬೇರೆ ದಾರಿ ಹುಡುಕುತ್ತವೆ.

೨೦೧೪ರ ಮೇ ತಿಂಗಳಲ್ಲಿ ಎರಡು ಹೋಟೆಲಿನವರು ನಮ್ಮ ಹಿಟ್ಟು ಬಿಟ್ಟರು. ನಮ್ಮ ದರ ಬೇರೆ ಕಂಪನಿಗೆ ಸೋರುತ್ತಿದೆ ಎಂದು ನನಗೆ ಗುಮಾನಿ. ಹುಡುಕಿದರೆ, ವೇದಾಳ ದರಪಟ್ಟಿಗಳೆಲ್ಲ ಹರ್ಷಿತನ ಮನೆಯ ರೂಟರ್ ಹಾದು ಆಫೀಸಿಗೆ ಬರುತ್ತಿದ್ದವು. ಮೈಯೆಲ್ಲ ಉರಿಯಿತು.

ಅವನನ್ನು ಕರೆಸಿ ಕೇಳಿದೆ. ಅವನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದುಕೊಂಡೆ.

"ನಂಗ್ ಗೊತ್ತಿಲ್ಲೆ ಮಂಜಣ್ಣ. ಆ ಡಬ್ಬಿ ತಂದು ಹಾಕಿದ್ದು ನೀವೇ ಅಲ್ದಾ?"

ಮಾಲೀಕ ಸಂಪತ್ ನನ್ನ ಮಾತು ನಂಬಿ, ಹರ್ಷಿತನ ವೀಸಾ ಮುಂದುವರಿಸಲು ಬೇಕಾದ ಕಾಗದಕ್ಕೆ ಸಹಿ ಹಾಕದೆ ಇಟ್ಟರು. ವೀಸಾ ಮುಗಿಯಲು ಉಳಿದಿದ್ದದ್ದು ಹನ್ನೊಂದು ದಿನ.

ಸಾಕ್ಷಿ ಗಟ್ಟಿ ಮಾಡೋಣವೆಂದು ಕ್ರೋಯ್ಡನ್‌ಗೆ ಹೋಗಿ ವೇದಾಳ ರೂಟರ್ ತೆರೆದೆ. ಅದರಲ್ಲಿ ಆಫೀಸಿನ ಕೊಂಡಿಗೆ ಹಳೆಯ ಪಾಸ್‌ವರ್ಡ್ ಹಾಗೇ ಇತ್ತು. ಯಾರೋ ಕದ್ದು ನೋಡುತ್ತಾರೆಂಬ ಅನುಮಾನದಿಂದ ಮಾರ್ಚಿನಲ್ಲಿ ಆಫೀಸಿಗೆ ಬರುವ ಎರಡೂ ಕೊಂಡಿಗಳ ಪಾಸ್‌ವರ್ಡನ್ನು ಆಫೀಸಿನಲ್ಲೂ ಹೌನ್ಸ್ಲೋದಲ್ಲೂ ಬದಲಿಸಿದ್ದೆ. ಇಲ್ಲಿಗೆ ಬಂದು ಬದಲಿಸುವುದು ಮರೆತಿದ್ದೆ. ಆಫೀಸಿಗೆ ನೇರ ದಾರಿ ಅಂದೇ ಮುಚ್ಚಿತ್ತು. ರಿಪ್ ಸದ್ದಿಲ್ಲದೆ ಹೌನ್ಸ್ಲೋ ಸುತ್ತಿ ಕಳಿಸುತ್ತಿತ್ತು.

"ಕೈಯಲ್ಲಿ ಬರೆದಿದ್ರೆ ಅವತ್ತೇ ನನ್ನ ಕೆಲಸ ನಿಂತು ನಿಮಗೆ ಫೋನ್ ಮಾಡ್ತಿದ್ದೆ," ಎಂದಳು ವೇದಾ. "ಹೋಟೆಲಿನವರನ್ನ ನಾನೇ ಕೇಳಿದೆ. ನಮ್ಮ ಹಿಟ್ಟು ಬೇಗ ಹುಳಿ ಬರುತ್ತಂತೆ."

ನಾಚಿಕೆಯಿಂದ ಸತ್ತುಹೋದೆ. ಸಂಪತ್‌ಗೆ ಎಲ್ಲ ಹೇಳಿ, ಸಹಿ ಹಾಕಿಸಿ, ಕಾಗದ ಹಿಡಿದು ಹೌನ್ಸ್ಲೋಗೆ ಹೋದೆ. "ತಪ್ಪು ನಂದೇ ಮಾರಾಯ," ಎಂದೆ.

ಹರ್ಷಿತ್ ಕಾಗದ ತೆಗೆದುಕೊಂಡ. ರೂಟರಿನ ವಯರು ಕಿತ್ತು, ಡಬ್ಬಿಯನ್ನು ನನ್ನ ಕೈಗಿಟ್ಟ.

"ಇದ್ ಬೇಡ ಮಂಜಣ್ಣ. ದಿನಾ ಆಫೀಸಿಗೇ ಬತ್ತೆ."

ಮಗು ನೋಡಿಕೊಳ್ಳಲು ಪ್ರೇಕ್ಷಾ ಕೆಲಸ ಬಿಟ್ಟಳು. ಸೋಮವಾರದಿಂದ ಹರ್ಷಿತ್ ನನ್ನ ಪಕ್ಕದ ಮೇಜಿನಲ್ಲೇ ಕೂರುತ್ತಾನೆ, ಕಂಪ್ಯೂಟರ್ ಪರದೆಯನ್ನು ನನಗೆ ಕಾಣುವ ಹಾಗೆ ತಿರುಗಿಸಿ.