ಕಿವಿ ಹೊರಳಿಸದ ಕೊಂಬ

ತಿರುವು, ಮತ್ತೆ ತಿರುವು, ಬಸ್ಸು ಒಂದು ಕಡೆಗೆ ವಾಲಿದರೆ ಕಿಟಕಿ ತುಂಬ ಬಿದಿರು, ಇನ್ನೊಂದು ಕಡೆಗೆ ವಾಲಿದರೆ ಬರೀ ಆಕಾಶ, ಜಡೇಸ್ವಾಮಿಯ ಎದೆ ಕುಣಿಯುತ್ತಿದೆ, ಅಬ್ಬಾ, ಕುಣಿಯುತ್ತಿದೆ! ತಿಂಗಳುಗಟ್ಟಲೆ ಸತ್ತಂತೆ ಬಿದ್ದಿದ್ದ ಎದೆ ಇದೇ ಏನು — ಊರು ಹತ್ತಿರವಾಯಿತಲ್ಲ, ಇನ್ನೇನು ಘಾಟಿಯ ನೆತ್ತಿ ದಿಂಬಂ, ಆಮೇಲೆ ಪಣಕಹಳ್ಳಿ, ಅವ್ವನ ಕೈಯ ರಾಗಿಮುದ್ದೆ, ಅವರೆಕಾಳಿನ ಸಾರು, ಈ ಸಲ ರುಚಿ ಹತ್ತೇ ಹತ್ತುತ್ತದೆ, ಹೋದ ಸಂಕ್ರಾಂತಿಗೆ ಬಂದಾಗ ಅದೇ ಸಾರು ಮಣ್ಣು ತಿಂದಂತಿತ್ತು, ಯಾಕ್ಲಾ ಮೊಗಾ, ಉಪ್ ಕಮ್ಮಿಯಾ, ಅವ್ವ ಚನ್ನಬಸಮ್ಮ ಕೇಳಿದ್ದಳು, ಇಲ್ಲ ಕಣವ್ವ ಎಂದು ನುಂಗಿದ್ದ, ಸಾರು ಹಾಳಾಗಲಿ, ಹೆತ್ತವಳ ಮುಖ ನೋಡಿದರೂ ಗೋಡೆ ನೋಡಿದ ಹಾಗೆ, ಥೂ, ಅದಕ್ಕಿಂತ ನರಕ ಬೇರೆ ಉಂಟೆ. ಎಂಬತ್ತಮೂರರಲ್ಲಿ ಬೊಂಬಾಯಿ ಸೇರಿದವನು, ಹೋಟೆಲಿನ ವಾದ್ಯತಂಡದಲ್ಲಿ ಡ್ರಮ್ಮು, ಗಿರಾಕಿಯೊಬ್ಬ ಕೊಟ್ಟ ಮೊದಲ ಚಿಟಿಕೆ ಕೊಕೇನು, ಆಹಾ, ಅವತ್ತು ಕೈಗೆ ರೆಕ್ಕೆ, ಆಮೇಲೆ ಎರಡು ಚಿಟಿಕೆ, ಆಮೇಲೆ ಎಷ್ಟೆಳೆದರೂ ಬರೀ ಮೂಗುರಿ. ಮಿದುಳಿನಲ್ಲಿ ಸುಖದ ಸುದ್ದಿ ಒಯ್ಯೋ ಡೋಪಮೈನ್ ಅನ್ನೋ ರಸ ಇದೆ ಕಣಯ್ಯ, ಬೊಂಬಾಯಿ ಆಸ್ಪತ್ರೆಯ ಕನ್ನಡದ ಡಾಕ್ಟರು ಹೇಳಿದ್ದರು, ಸುದ್ದಿ ಮುಟ್ಟಿಸಿ ಅದು ವಾಪಸು ಹೋಗಬೇಕು, ನಿನ್ನ ಪುಡಿ ಹೋಗೋಕೆ ಬಿಡಲ್ಲ, ರಸ ತುಂಬಿ ಪ್ರವಾಹ, ತಾಳಲಾರದೆ ಮಿದುಳು ಸುದ್ದಿ ಹಿಡಿಯೋ ಗ್ರಾಹಕಗಳನ್ನೇ ಕಡಿಮೆ ಮಾಡಿಕೊಳ್ಳುತ್ತೆ, ಆಮೇಲೆ ಊಟ, ಹಾಡು, ನಗು ಯಾವುದೂ ಕೇಳಿಸಲ್ಲ — ಪುಡಿ ಬುಟ್ರೆ ವಾಪಸ್ ಬತ್ತವಾ ಡಾಕ್ಟ್ರೇ — ಬರಬಹುದು, ನಿಧಾನ, ಎಷ್ಟು ಬರುತ್ತವೋ ನಮಗೂ ಇನ್ನೂ ಗೊತ್ತಿಲ್ಲ. ಜಡೇಸ್ವಾಮಿ ಅಲ್ಲೇ ನಕ್ಕುಬಿಟ್ಟಿದ್ದ, ಇದು ಅಪ್ಪನ ಪಟಾಕಿಯ ಕಥೆಯಲ್ಲವೇ! ಆನೆ ಬರಲಿ ಬಿಡಲಿ, ಅಪ್ಪ ಮಹದೇವಪ್ಪ ದಿನಾ ಸಂಜೆ ರಾಗಿ ಹೊಲದಲ್ಲಿ ಪಟಾಕಿ ಹಚ್ಚುತ್ತಿದ್ದ, ಬರೋ ಮುಂಚೇಯ ಎದರ್ಸ್‌ಬುಡವಾ ಕಣ್ಲಾ ಅನ್ನುತ್ತಿದ್ದ, ಅಪ್ಪನನ್ನು ನೋಡಿ ಊರೆಲ್ಲ ಹಚ್ಚಿತು, ಮೊದಲ ಸುಗ್ಗಿಗೆ ಆನೆಗಳು ಬಿದ್ದೆನೋ ಎದ್ದೆನೋ ಎಂದು ಓಡಿದವು, ಮೂರನೆಯ ಸುಗ್ಗಿಗೆ ಒಂಟಿ ಗಂಡಾನೆ, ದಂತದ ಕೊಂಬ, ಹೊಗೆಯ ನಡುವೆ ನಿಂತು ರಾಗಿ ಮೇಯುತ್ತಿದ್ದ, ಕಾಲಬುಡದಲ್ಲಿ ಪಟಾಕಿ ಸಿಡಿದರೂ ಕಿವಿ ಕೂಡ ಹೊರಳಿಸಲಿಲ್ಲ. ಅಪ್ಪ ಬೇಸತ್ತು ಪಟಾಕಿ ಬಿಟ್ಟ, ಮರುವರ್ಷ ಒಂದು ಸಿಡಿಸಿದಾಗ ಆ ಕಿವಿ ಹೊರಳಿತೋ ಇಲ್ಲವೋ, ಇವನು ಆಗಲೇ ಬೊಂಬಾಯಿಯಲ್ಲಿದ್ದ.

ಈಗ ತನ್ನೊಳಗಿನ ಕಿವಿ ಹೊರಳಿದೆ, ಎದೆ ಕುಣಿಯುತ್ತಿಲ್ಲವೇ, ಬೆರಳು ಯಾಕೆ ಅಂಗಿಯ ಒಳಜೇಬಿಗೆ ಹೋಯಿತು, ಪ್ರತಿ ತಿರುವಿಗೂ ಹೋಗುತ್ತಿದೆ, ಅಲ್ಲಿ ಕಾಗದದ ಪುಟ್ಟ ಪೊಟ್ಟಣ, ಪುಡಿ ಬಿಟ್ಟಮೇಲೂ ಉಳಿಸಿಕೊಂಡ ಕೊನೆಯ ಚಿಟಿಕೆ, ತೀರಾ ತಡೆಯಲಾಗದಿದ್ದರೆ ಇರಲಿ ಎಂದು — ಅಯ್ಯೋ ಶಿವನೇ, ಹಾಗಾದರೆ ಈ ಕುಣಿತ ಯಾರಿಗಾಗಿ, ಅವ್ವನಿಗೋ ಪೊಟ್ಟಣಕ್ಕೋ? ದಿಂಬಂ, ಟೀ ಕುಡಿಯೋರು ಕುಡೀರಿ, ಕಂಡಕ್ಟರ್ ಕೂಗಿದ, ಜಡೇಸ್ವಾಮಿ ಧಡಧಡ ಇಳಿದ, ಯೋಚಿಸಿದರೆ ಕೆಟ್ಟೆ, ಟೀ ಅಂಗಡಿಯ ಒಲೆ, ಉರಿ, ಎಸೆದ. ಎಸೆದೇಬಿಟ್ಟ! ಕಾಗದ ಸುರುಟಿ ಕಪ್ಪಾಯಿತು, ಅದರ ಜೊತೆಗೇ ಎದೆಯ ಕುಣಿತವೂ ನಿಂತಿತು, ಪಟ್ಟನೆ. ಅಂದರೆ ಅದು ಅವ್ವನಿಗಲ್ಲ, ಊರಿಗಲ್ಲ, ಬೆಟ್ಟ ಬರೀ ಬೆಟ್ಟ, ಟೀ ಬರೀ ಬಿಸಿ, ಹೊಗೆಯಲ್ಲಿ ಕೊಂಬ, ಕಿವಿ ಅಲ್ಲಾಡುತ್ತಿಲ್ಲ, ಅವ್ವನ ಮುಂದೆ ಮತ್ತೆ ಗೋಡೆ ಮುಂದೆ ಕೂತಂತೆ ಕೂರಬೇಕೇ, ಭಯವಾಯಿತು, ಬಸ್ಸು ಹತ್ತಿ ಕುಸಿದು ಕೂತ. ಯಾಕ್ ಬುದ್ದಿ, ತಲೆ ಸುತ್ತುತಾ, ಪಕ್ಕದ ಸೋಲಿಗರ ಮುದುಕಿ ಪುಟ್ಟಮಾದಿ, ಮಡಿಲಲ್ಲಿ ಕಾಡಿನ ನೆಲ್ಲಿಕಾಯಿ, ತಕಳಿ, ಒಂದ್ ಕಚ್ಚಿ, ಬೇಡ ಎನ್ನಲೂ ತ್ರಾಣವಿಲ್ಲದೆ ಕಚ್ಚಿದ, ಹುಳಿ, ಒಗರು, ದವಡೆ ಜುಮ್ಮೆಂದಿತು, ಸುಖವೇನಲ್ಲ, ಎಲ್ಲೂ ಏನೂ ಇಲ್ಲ. ಈಗ ನೀರ್ ಕುಡೀರಿ, ಅವಳು ಸೋರೆಬುರುಡೆ ಕೊಟ್ಟಳು, ಒಂದು ಗುಟುಕು, ತಣ್ಣಗೆ, ಇಳಿಯುತ್ತ ಇಳಿಯುತ್ತ — ಇದೇನು, ನಾಲಿಗೆಯ ಬುಡದಲ್ಲಿ, ಯಾರೋ ಆಚೆ ಬೆಟ್ಟದಿಂದ ಕರೆದಷ್ಟು ಸಣ್ಣಗೆ, ಸಿಹಿಯೇ, ಚಿಕ್ಕಂದಿನಲ್ಲಿ ಅವ್ವ ಹೀಗೇ ನೆಲ್ಲಿಕಾಯಿ ಮೇಲೆ ನೀರು ಕುಡಿಸಿ ನಗಿಸುತ್ತಿದ್ದಳು, ಇನ್ನೊಂದು ಗುಟುಕು, ಅಲ್ಲಾಡಬೇಡ, ಉಸಿರು ಬಿಡಬೇಡ, ಸಿಹಿ, ಹೌದು ಸಿಹಿ, ಕಣ್ಣು ಯಾಕೆ ತುಂಬಿತು, ಹೊಗೆಯಲ್ಲಿ ನಿಂತ ಕೊಂಬ, ಅದರ ಕಿವಿ, ಆ ಕಿವಿಯ ಅಂಚು ಅಲುಗಿತೇ, ಕಿವಿ —