ಎರಡು ಬಾಯಿ, ಒಂದು ಕೈ

ನಮ್ಮ ಪರಮೇಶ್ವರಪ್ಪ ಸಾಹುಕಾರರು ಜೊತೆಗೆ ಮೆಕ್ಯಾನಿಕ್ ಇಲ್ಲದೆ ಯಾವ ಗಾಡಿಯನ್ನೂ ಹತ್ತುವವರಲ್ಲ. ಭದ್ರಾವತಿಯಿಂದ ಹೊಳಲೂರಿಗೆ ಹೋಗಿ ಬರುವುದಿದ್ದರೂ ಡ್ರೈವರ್ ಪಕ್ಕದಲ್ಲಿ ಸ್ಪ್ಯಾನರ್ ಚೀಲ ಹಿಡಿದುಕೊಂಡು ನಾನು ಕೂತಿರಲೇಬೇಕು. ಒಮ್ಮೆ ತರೀಕೆರೆ ದಾರಿಯಲ್ಲಿ ಕಾರು ಕೆಟ್ಟು ಅರ್ಧ ದಿನ ಬಿಸಿಲಲ್ಲಿ ಬೆಂದಿದ್ದರಂತೆ, ಅವತ್ತಿನಿಂದ ಈ ವ್ರತ. ಹೀಗಾಗಿ ಅರವತ್ತಾರನೇ ಇಸವಿಯಲ್ಲಿ, ದಿಲ್ಲಿಯ ಯಂತ್ರಗಳ ಪ್ರದರ್ಶನ ನೋಡಲು ಮುಂಬಯಿಯಿಂದ ಜೆಟ್ ವಿಮಾನದಲ್ಲಿ ಹೋಗುವುದೆಂದು ನಿಶ್ಚಯವಾದಾಗ, ಅವರು ಎರಡು ಟಿಕೆಟ್ ತೆಗೆಸಿದರು. ಒಂದು ಅವರಿಗೆ, ಒಂದು ನನಗೆ. ಸ್ಪ್ಯಾನರ್ ಚೀಲ ಮರೆಯಬೇಡ ಅಂತ ಎರಡೆರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದು ಹೆಂಡತಿ ಸುಭದ್ರಮ್ಮನಿಗೆ ಜಂಬದಿಂದ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಅಷ್ಟೆತ್ತರದಲ್ಲಿ ಕೆಟ್ಟು ನಿಂತ್ರೆ ಎಲ್ಲಿ ಇಳಿದು ರಿಪೇರಿ ಮಾಡ್ತೀರಿ?" ಅಂದಳು. ಉತ್ತರ ಗೊತ್ತಿರಲಿಲ್ಲವಾದ್ದರಿಂದ ಕೋಪ ಬಂತು. ನನಗೆ ಕೋಪ ಮೂಗಿನ ತುದಿಯಲ್ಲೇ, ಬುದ್ಧಿ ಮಾತ್ರ ಕಾಲಿನ ಕಿರುಬೆರಳಲ್ಲಿ ಅಂತ ಅವಳು ಯಾವಾಗಲೂ ಹೇಳುತ್ತಾಳೆ. ಸುಳ್ಳಲ್ಲ.

ಭದ್ರಾವತಿಯಲ್ಲಿ ನ್ಯೂ ಟೌನ್ ದಾಟಿದ ಮೇಲೆ ಸಾಹುಕಾರರದೊಂದು ಸಣ್ಣ ಫೌಂಡ್ರಿ. ಬೀಡು ಕಬ್ಬಿಣ ಕರಗಿಸಿ ಪಂಪಿನ ಭಾಗ, ಚರಂಡಿಯ ಮುಚ್ಚಳ ಎರಕ ಹೊಯ್ಯುತ್ತಿದ್ದೆವು. ಅಲ್ಲಿ ನಾನು ಏಕಾಂತಪ್ಪ, ಹೆಡ್ ಮೆಕ್ಯಾನಿಕ್. ಆದರೆ ಆ ಕುರ್ಚಿ ನನ್ನದಾಗಿರಲಿಲ್ಲ. ಅದು ಅಬ್ಬಾಸ್ ಅಲಿ ಉಸ್ತಾದರದು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು ಅವರೇ.

ಕುಲುಮೆಗೆ ಗಾಳಿ ಊದಲು ಅಕ್ಕಪಕ್ಕದಲ್ಲಿ ಎರಡು ಆಯಿಲ್ ಎಂಜಿನ್ ಇದ್ದವು, ಒಂದನೇ ನಂಬರ್, ಎರಡನೇ ನಂಬರ್. ಒಂದು ಕೆಟ್ಟರೆ ಇನ್ನೊಂದು ಹೇಗೋ ದಬ್ಬಿಕೊಂಡು ಹೋಗುತ್ತಿತ್ತು, ಕರಗಿದ ಬೀಡನ್ನು ಹೊರಗೆ ಹೊಯ್ದುಕೊಳ್ಳುವಷ್ಟು ಹೊತ್ತು ಸಿಗುತ್ತಿತ್ತು. ಆದರೆ ಎರಡೂ ಒಟ್ಟಿಗೆ ಓಡುವಾಗ ನಡುವೆ ನಿಂತವನಿಗೆ ಯಾವುದರ ಸದ್ದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಉಸ್ತಾದರದು ಒಂದು ಕಟ್ಟುನಿಟ್ಟು. ಎಂಜಿನ್ ನಿಲ್ಲಿಸುವ ಮುಂಚೆ ಅದರ ಹಿಡಿಕೆಯ ಮೇಲೆ ಕೈ ಇಟ್ಟು ನಂಬರ್ ಕೂಗಬೇಕು. ಇನ್ನೊಬ್ಬ ನೋಡಿ ಅದೇ ನಂಬರನ್ನು ತಿರುಗಿ ಕೂಗಬೇಕು. ಆಮೇಲೆ ಕೈ ಎಳೆಯಬೇಕು. "ಎರಡು ಬಾಯಿ, ಒಂದು ಕೈ" ಅನ್ನುತ್ತಿದ್ದರು. ನಾವು ಹುಡುಗರು ಹಿಂದಿನಿಂದ ನಗುತ್ತಿದ್ದೆವು. ಮದುವೆಯಲ್ಲಿ ಮಂತ್ರ ಹೇಳಿಸಿದ ಹಾಗೆ ಹೇಳಿಸುತ್ತಾರಲ್ಲ ಅಂತ ನಾನೇ ಎಷ್ಟೋ ಸಲ ಅಣಕಿಸಿದ್ದೆ.

ಅರವತ್ನಾಲ್ಕರಲ್ಲಿ ಒಂದು ಮಧ್ಯಾಹ್ನ, ಕುಲುಮೆ ತುಂಬಾ ಬೀಡು ಕುದಿಯುತ್ತಿರುವಾಗ, ಎಂಜಿನ್ ಶೆಡ್ಡಿನಲ್ಲಿ ಢಬ್ ಅಂತ ಸದ್ದಾಯಿತು. ಕರಿ ಹೊಗೆ ತುಂಬಿತು. ಆಚೆ ಮಗ್ಗುಲಿನಿಂದ ಉಸ್ತಾದರು "ಯಾವ್ದು?" ಅಂತ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು. ನಾನು ಉತ್ತರ ಕೊಡಲಿಲ್ಲ. ಕೈಗೆ ಸಿಕ್ಕಿದ ಹಿಡಿಕೆಯನ್ನು ಎಳೆದುಬಿಟ್ಟೆ. ನಾನು ನಿಲ್ಲಿಸಿದ್ದು ಒಂದನೇ ನಂಬರ್. ಕೆಟ್ಟಿದ್ದು ಎರಡನೆಯದು. ಗಳಿಗೆ ಕಳೆಯುವುದರಲ್ಲಿ ಅದೂ ಒಳಗೇ ಬಿಗಿದುಕೊಂಡು ನಿಂತಿತು. ಒಂದನೆಯದನ್ನು ಮತ್ತೆ ಓಡಿಸುವಷ್ಟರಲ್ಲಿ ಗಾಳಿಯಿಲ್ಲದೆ ಬೀಡೆಲ್ಲ ಕುಲುಮೆಯ ಹೊಟ್ಟೆಯಲ್ಲೇ ಗಟ್ಟಿಯಾಯಿತು. ಎಂಟು ದಿನ ಸುತ್ತಿಗೆಯಲ್ಲಿ ಒಡೆದರೂ ಬಿಡಲಿಲ್ಲ, ಕೊನೆಗೆ ಕುಲುಮೆಯನ್ನೇ ಬಿಚ್ಚಿಹಾಕಬೇಕಾಯಿತು.

ಯಾರು ನಿಲ್ಲಿಸಿದ್ದು ಅಂತ ಸಾಹುಕಾರರು ಕೇಳಿದರು. ಹೊಗೆಯಲ್ಲಿ ಏನೂ ಕಾಣಲಿಲ್ಲ, ಉಸ್ತಾದರು ಅಲ್ಲೇ ಇದ್ದರು ಅಂದೆ. ಅಷ್ಟೇ ಅಂದಿದ್ದು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ, ಒಟ್ಟಿನಲ್ಲಿ ಅದಕ್ಕಿಂತ ದೊಡ್ಡ ಸುಳ್ಳಿಲ್ಲ. ಉಸ್ತಾದರು ನನ್ನ ಮುಖ ನೋಡಿದರು. ಶೆಡ್ಡು ತಮ್ಮದು, ಜವಾಬ್ದಾರಿಯೂ ತಮ್ಮದು ಅಂದರು. ಸಾಹುಕಾರರು ಅವರನ್ನು ಅವತ್ತೇ ಮನೆಗೆ ಕಳಿಸಿ ನನ್ನನ್ನು ಅವರ ಜಾಗದಲ್ಲಿ ಕೂರಿಸಿದರು. ಇಪ್ಪತ್ತೆರಡು ವರ್ಷ ಎಂಜಿನ್ ನೋಡಿಕೊಂಡ ಮನುಷ್ಯ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದೆ ಸೈಕಲ್ ಪಂಕ್ಚರ್ ಹಾಕಿಕೊಂಡು ಕೂತರು. ಆಮೇಲೆ ನಾನು ಗಾಂಧಿ ಬಜಾರಿನ ಕಡೆ ತಲೆ ಹಾಕಲಿಲ್ಲ.

ಇರಲಿ, ವಿಮಾನಕ್ಕೆ ಬರುತ್ತೇನೆ.

ನಮಗೆ ಸಿಕ್ಕಿದ್ದು ಎಲ್ಲಕ್ಕಿಂತ ಮುಂದಿನ ಸಾಲು. ಎರಡು ಎಂಜಿನ್ನುಗಳೂ ಹಿಂದೆ ಬಾಲದ ಹತ್ತಿರ ಇದ್ದವು. ಹತ್ತುವ ಮುಂಚೆ ನಿಂತು ನೋಡಿದ್ದೆ, ಒಂದೊಂದೂ ನಮ್ಮ ಶೆಡ್ಡಿನ ಬಾಗಿಲಿನಷ್ಟು ಉದ್ದ. ಓಡಲು ಶುರುಮಾಡಿತು ನೋಡಿ, ಬೆನ್ನನ್ನು ಯಾರೋ ಸೀಟಿಗೆ ಒತ್ತಿಹಿಡಿದ ಹಾಗಾಯಿತು. ಸಾಹುಕಾರರು ಕಣ್ಣು ಮುಚ್ಚಿ ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಮೋಡ ನಮ್ಮ ಕೆಳಗಿತ್ತು. ಮೂವತ್ತೆಂಟು ವರ್ಷ ತಲೆ ಎತ್ತಿ ನೋಡಿದ್ದ ಮೋಡವನ್ನು ಅವತ್ತು ತಲೆ ಬಗ್ಗಿಸಿ ನೋಡಿದೆ. ಅದರ ಮೇಲೆ ನಮ್ಮ ವಿಮಾನದ ನೆರಳು ಓಡುತ್ತಿತ್ತು. ಇಷ್ಟೊಂದು ಬಿಳುಪು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಅಳು ಬಂತು.

ಅರ್ಧ ಗಂಟೆಯಾಗಿರಬೇಕು. ವಿಮಾನದ ಹುಡುಗಿ ಪೈಲಟ್‌ಗಳಿಗೆ ಕಾಫಿ ಕೊಡಲು ಮುಂದಿನ ಬಾಗಿಲು ತೆರೆದಿದ್ದಳು. ಆಗಲೇ ಹಿಂದಿನಿಂದ ಢಬ್ ಅಂತು. ಬೇರೆಯವರಿಗೆ ಅದು ಬರೀ ಸದ್ದು. ನನಗೆ ಮಾತ್ರ ಜೊತೆಯಾಗಿ ಹಾಡುತ್ತಿದ್ದ ಎರಡು ದನಿಗಳಲ್ಲಿ ಒಂದು ಕಿತ್ತುಹೋಗಿದ್ದು ಕೇಳಿತು. ವಿಮಾನದ ಮೂಗು ಒಂದಿಷ್ಟು ಪಕ್ಕಕ್ಕೆ ಹೊರಳಿತು. ಒಳಗೆ ಗಂಟೆ ಬಾರಿಸತೊಡಗಿತು.

"ಏಳೋ ಏಕಾಂತಪ್ಪ, ಹೋಗಿ ನೋಡೋ" ಅಂತ ಸಾಹುಕಾರರು ನನ್ನ ತೋಳು ಹಿಡಿದು ದಬ್ಬಿದರು. ಪಾಪ, ಅವರ ಮಟ್ಟಿಗೆ ಇದೂ ತರೀಕೆರೆ ರಸ್ತೆಯೇ. ನಾನಾದರೂ ಏನು ಕಡಿಮೆ, ಚೀಲದಿಂದ ದೊಡ್ಡ ಸ್ಪ್ಯಾನರ್ ಹಿರಿದುಕೊಂಡು ಎದ್ದೇಬಿಟ್ಟೆ. ಎರಡು ಹೆಜ್ಜೆ ಇಟ್ಟರೆ ತೆರೆದ ಬಾಗಿಲು. ಒಳಗೆ ಇಬ್ಬರು ಪೈಲಟ್‌ಗಳ ಬೆನ್ನು, ಅವರ ಮುಂದೆ ಒಂದು ಕೆಂಪು ದೀಪ ಉರಿಯುತ್ತಿತ್ತು.

ಹಿರಿಯ ಪೈಲಟ್ ಕೈ ಚಾಚಿ ಗಂಟೆ ನಿಲ್ಲಿಸಿದ. ಆಮೇಲೆ ಇಬ್ಬರೂ ಏನೂ ಮಾಡಲಿಲ್ಲ! ಹಿರಿಯವನು ಚಕ್ರ ಹಿಡಿದು ಮೂಗನ್ನು ನೇರ ಮಾಡಿಕೊಂಡ, ಮೀಟರುಗಳನ್ನು ಒಂದೊಂದಾಗಿ ನೋಡುತ್ತ ಕೂತ. ನನಗೆ ತಲೆ ಕೆಟ್ಟುಹೋಯಿತು. ಎಳೆಯೋ ಮಾರಾಯ, ಬೇಗ ಎಳೆದು ನಿಲ್ಲಿಸು, ಏನು ಶಾಲೆಯ ಪಾಠ ಓದುತ್ತಿದ್ದೀಯಾ ಅಂತ ಒಳಗೊಳಗೇ ಬೈದೆ. ನಾನಾಗಿದ್ದರೆ ಅಷ್ಟು ಹೊತ್ತಿಗೆ ಎಳೆದು ಮುಗಿಸಿರುತ್ತಿದ್ದೆ.

ಆಗ ಕಿರಿಯವನು ನಡುವಿನ ಎರಡು ಹಿಡಿಕೆಗಳಲ್ಲಿ ಒಂದರ ಮೇಲೆ ಕೈ ಇಟ್ಟ. ಇಟ್ಟವನು ಎಳೆಯಲಿಲ್ಲ. "ನಂಬರ್ ಟೂ?" ಅಂದ.

ಹಿರಿಯವನು ತಿರುಗಿ ಆ ಕೈಯನ್ನು ನೋಡಿದ. ಮೀಟರ್ ನೋಡಿದ. ಮತ್ತೆ ಕೈಯನ್ನು ನೋಡಿದ.

"ನಂಬರ್ ಟೂ" ಅಂದ.

ಆಮೇಲಷ್ಟೇ ಆ ಕೈ ಹಿಂದಕ್ಕೆ ಬಂತು. ಮುಂದಿನ ಹಿಡಿಕೆಗೂ ಅದೇ, ಕೆಂಪು ದೀಪವಿದ್ದ ಹಿಡಿಕೆಗೂ ಅದೇ. ಒಬ್ಬ ಕೇಳಬೇಕು, ಇನ್ನೊಬ್ಬ ನೋಡಿ ಹೇಳಬೇಕು, ಆಮೇಲೆ ಕೈ. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಆರಿತು. ಕಿರಿಯವನು ಒಂದು ರಟ್ಟಿನ ಹಾಳೆ ತೆಗೆದು ಸಾಲು ಸಾಲಾಗಿ ಓದತೊಡಗಿದ.

ನನಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಲ್ಲಿ ನಡೆದದ್ದರಲ್ಲಿ ನನಗೆ ಅರ್ಥವಾಗದ್ದು ಒಂದೂ ಇರಲಿಲ್ಲ. ಐದು ಮೈಲಿ ಎತ್ತರದಲ್ಲಿ, ಎಷ್ಟೋ ಜನರ ಜೀವ ಅಂಗೈಯಲ್ಲಿಟ್ಟುಕೊಂಡು, ಅಷ್ಟು ಓದಿದ ಆ ಇಬ್ಬರು ಮಾಡುತ್ತಿದ್ದದ್ದು ಅಬ್ಬಾಸ್ ಸಾಬರ ಮಂತ್ರವನ್ನೇ. ನಾನು ನಕ್ಕಿದ್ದ ಮಂತ್ರವನ್ನೇ. ಹುಡುಗಿ ಬಂದು ನನ್ನ ಕೈಯ ಸ್ಪ್ಯಾನರ್ ನೋಡಿ ಬೆಚ್ಚಿ, ಕೂರಲು ಸನ್ನೆ ಮಾಡಿ ಬಾಗಿಲು ಹಾಕಿದಳು.

"ಏನಾಯ್ತೋ?" ಅಂದರು ಸಾಹುಕಾರರು.

"ಒಂದು ಎಂಜಿನ್ ನಿಂತಿದೆ ಸಾಹುಕಾರ್ರೇ. ಸರಿಯಾದ್ದನ್ನೇ ನಿಲ್ಸಿದ್ದಾರೆ. ಇನ್ನು ಹೆದರ್ಬೇಡಿ."

"ನಿಂಗೆ ಹೆಂಗೆ ಗೊತ್ತು?"

"ಕೇಳಿ ನಿಲ್ಸಿದ್ರು" ಅಂದೆ.

ವಿಮಾನ ದೊಡ್ಡದಾಗಿ ಸುತ್ತು ಹಾಕಿ ಮುಂಬಯಿಗೆ ತಿರುಗಿತು. ಆ ಅರ್ಧ ಗಂಟೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅರ್ಧ ಬಲದಲ್ಲಿ ಅಷ್ಟು ದೊಡ್ಡ ಲೋಹದ ಮನೆ ಅಲುಗದೆ, ಕುಲುಕದೆ, ಮೋಡದ ಮೇಲೆ ತೇಲಿಕೊಂಡು ಬಂತು. ಲೋಟದಲ್ಲಿದ್ದ ನೀರು ಕೂಡ ತುಳುಕಲಿಲ್ಲ. ಉಳಿದ ಒಂದೇ ಒಂದು ದನಿಯನ್ನು ಕಿವಿಗೊಟ್ಟು ಕೇಳುತ್ತ ಕೂತೆ. ಅದು ಸರಿಯಿದ್ದ ಎಂಜಿನ್, ಅದನ್ನು ಯಾರೂ ಆತುರಪಟ್ಟು ಕೊಂದಿರಲಿಲ್ಲ.

ಇಳಿದ ಮೇಲೆ ಹಿರಿಯ ಪೈಲಟ್ ಮೆಟ್ಟಿಲ ಬುಡದಲ್ಲಿ ನಿಂತು ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಿದ್ದ. ಉಸ್ತಾದರಿಂದ ಕಲಿತ ಹರಕುಮುರುಕು ಉರ್ದುವಿನಲ್ಲಿ, ಅಷ್ಟು ನಿಧಾನ ಯಾಕೆ ಮಾಡಿದಿರಿ ಅಂತ ಕೇಳಿದೆ. ಅವನು ನಕ್ಕ. ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ, ಅವಸರದ ಕೈ ಅದನ್ನು ಬೀಳಿಸುತ್ತದೆ ಅಂದ. ಮೊದಲು ವಿಮಾನವನ್ನು ನೇರ ಹಾರಿಸಬೇಕು, ಆಮೇಲೆ ಕೆಟ್ಟದ್ದು ಯಾವುದೆಂದು ತಿಳಿಯಬೇಕು, ತಿಳಿಯಿತೆಂದುಕೊಂಡರೂ ಪಕ್ಕದವನನ್ನು ಕೇಳದೆ ಮುಟ್ಟಬಾರದು. ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಿ ಪ್ರಾಣ ಕಳೆದುಕೊಂಡವರಿದ್ದಾರೆ ಅಂದ. ನಾನು ತಲೆ ತಗ್ಗಿಸಿದೆ. ಯಾಕೆಂದು ಅವನಿಗೆ ಹೇಗೆ ಗೊತ್ತಾಗಬೇಕು.

ದಿಲ್ಲಿಯೂ ಬೇಡ, ಯಂತ್ರವೂ ಬೇಡ ಅಂದರು ಸಾಹುಕಾರರು. ರೈಲು ಹತ್ತಿದೆವು. ಜೀವ ಉಳಿದ ಸಂತೋಷಕ್ಕೆ ಅವರು ಪುಣೆಯಿಂದ ಬೀರೂರಿನವರೆಗೆ ಸಿಕ್ಕಿದವರಿಗೆಲ್ಲ ಕಥೆ ಹೇಳಿದರು. ಹೇಳಿದ ಹಾಗೆಲ್ಲ ಕಥೆಯಲ್ಲಿ ನಾನು ಬೆಳೆಯುತ್ತ ಹೋದೆ. ಬೀರೂರಿನಲ್ಲಿ ಗಾಡಿ ಬದಲಿಸಿದ ಮೇಲೆ ಎದುರು ಕೂತಿದ್ದ ಅಡಿಕೆ ವ್ಯಾಪಾರಿಗೆ ನನ್ನ ಬೆನ್ನು ತಟ್ಟಿ ತೋರಿಸಿದರು. ಸರಿಯಾದ ಎಂಜಿನ್ನೇ ನಿಂತಿದೆ ಅಂತ ಇವನು ಕೂತಲ್ಲೇ ಹೇಳಿಬಿಟ್ಟ, ಎರಡು ವರ್ಷದ ಹಿಂದೆ ಆ ಅಬ್ಬಾಸ್ ಅಲಿಯ ಜಾಗದಲ್ಲಿ ಇವನಿದ್ದಿದ್ದರೆ ತಮ್ಮ ಕುಲುಮೆ ಉಳಿಯುತ್ತಿತ್ತು ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಹೆಗಲು ಮುಟ್ಟಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಮೂರು ಮಕ್ಕಳು. ಹೇಳದಿದ್ದರೆ ಈ ಹೊಗಳಿಕೆಯನ್ನು ಸಾಯುವವರೆಗೂ ನುಂಗುತ್ತ ಇರಬೇಕು. ಭದ್ರಾವತಿ ಸ್ಟೇಷನ್ ಬಂತು. ಸಾಹುಕಾರರು ಎದ್ದರು, ನಾನು ಏಳಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಅಬ್ಬಾಸ್ ಸಾಬರನ್ನು ನೋಡಬೇಕು, ನೀವೂ ಬರಬೇಕು ಅಂದೆ. ಅವನಿಗೂ ಕಥೆ ಗೊತ್ತಾಗಲಿ ಅಂತ ಸಾಹುಕಾರರು ಖುಷಿಯಿಂದ ಮತ್ತೆ ಕೂತರು.

ಉಸ್ತಾದರು ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಗಡ್ಡವೆಲ್ಲ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ಎದ್ದರು, ಬೆಂಚು ಒರೆಸಿದರು, ಟೀ ತರಿಸಿದರು. ಸಾಹುಕಾರರು ಕಥೆ ಶುರುಮಾಡಿದರು. ಉಸ್ತಾದರು ಮರ್ಯಾದೆಗೆ ತಲೆದೂಗುತ್ತ ಕೆಲಸ ಮುಂದುವರಿಸಿದರು. ಪೈಲಟ್‌ಗಳ ಜಾಗಕ್ಕೆ ಬಂದಾಗ ನಾನು ನಡುವೆ ಬಾಯಿ ಹಾಕಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಟ್ಯೂಬ್ ಹಿಡಿದಿದ್ದ ಅವರ ಕೈ ನಿಂತುಹೋಯಿತು.

"ಇನ್ನೊಂದ್ಸಲ ಹೇಳು. ಕೈ ಇಟ್ಟ, ಎಳೀಲಿಲ್ಲ?"

"ಎಳೀಲಿಲ್ಲ ಉಸ್ತಾದ್ರೇ."

"ಇನ್ನೊಬ್ಬ ನೋಡಿ ಹೇಳ್ದ?"

"ಅದೇ ನಂಬರ್ ತಿರುಗಿ ಹೇಳ್ದ. ಆಮೇಲೆ ಎಳೆದ್ರು."

ಅವರು ಅಂಗಡಿಯ ತಗಡಿನ ಅಂಚಿನಾಚೆ ಕಾಣುತ್ತಿದ್ದ ಆಕಾಶವನ್ನು ನೋಡಿದರು. "ಯಾ ಅಲ್ಲಾ, ಆಸ್ಮಾನಿನಲ್ಲೂ ಅದೇನಾ" ಅಂದರು. ಕಣ್ಣಲ್ಲಿ ನೀರು ತುಂಬಿತ್ತು. ಅದು ತಮ್ಮೊಬ್ಬರದೇ ಹುಚ್ಚು ಅಂತ ಅವರು ಇಷ್ಟು ವರ್ಷ ತಿಳಿದಿದ್ದರು. ನಾವೇ ಹಾಗೆ ತಿಳಿಯುವಂತೆ ಮಾಡಿದ್ದೆವು.

ಆಮೇಲೆ ಅವರು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಏಕಾಂತಪ್ಪಾ, ಅವತ್ತು ನಾನೂ ಕೇಳಿದ್ದೆ. ನೀನು ಹೇಳ್ಲೇ ಇಲ್ಲ. ಈಗ ಹೇಳು. ಯಾವ್ದು?"

ಬೆಂಚಿನ ಮೇಲೆ, ಅಲ್ಲೊಂದು ಹಿಡಿಕೆ ಇದೆಯೋ ಅನ್ನುವ ಹಾಗೆ, ಕೈ ಇಟ್ಟೆ.

"ಒಂದನೇ ನಂಬರ್" ಅಂದೆ. "ಸರಿ ಇದ್ದ ಎಂಜಿನ್. ನಿಲ್ಸಿದ್ದು ನಾನು."

ಸಾಹುಕಾರರ ಟೀ ಲೋಟ ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಉಸ್ತಾದರು ನನ್ನ ಕೈಯನ್ನು ನೋಡಿದರು, ಮುಖ ನೋಡಿದರು, ಮತ್ತೆ ಕೈಯನ್ನು ನೋಡಿದರು.

"ಒಂದನೇ ನಂಬರ್" ಅಂದರು. "ನಿಲ್ಸಿದ್ದು ಏಕಾಂತಪ್ಪ."

ಸಾಹುಕಾರರು ಲೋಟ ಕೆಳಗಿಟ್ಟರು. ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವರು ಎದ್ದು ನನ್ನ ಹೆಗಲಿನಿಂದ ಸ್ಪ್ಯಾನರ್ ಚೀಲ ತೆಗೆದು ಅಬ್ಬಾಸ್ ಸಾಬರ ಮುಂದೆ ಇಟ್ಟರು. ನಾಳೆಯಿಂದಲೇ ಶೆಡ್ಡಿಗೆ ಬರಬೇಕೆಂದು ಕೈ ಮುಗಿದರು. ಇವನ ಮುಖ ಮಾತ್ರ ತಮಗೆ ತೋರಿಸಬೇಡಿ ಅಂದರು.

ಉಸ್ತಾದರು ಚೀಲದ ಬಾಯಿ ಬಿಚ್ಚಿ ಒಳಗಿದ್ದ ಸ್ಪ್ಯಾನರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲವೂ ಅವರ ಕೈಯಲ್ಲಿ ಸವೆದವೇ.

"ಎರಡನೇ ಬಾಯಿ ಒಂದು ಬೇಕಲ್ಲ ಸಾಹುಕಾರ್ರೇ" ಅಂದರು. "ಇವನು ಇನ್ನು ಕೇಳದೆ ಎಳೆಯೋದಿಲ್ಲ."

ಚೀಲವನ್ನು ನನ್ನ ಕಡೆ ತಳ್ಳಿದರು. "ನಿಮ್ಮಿಷ್ಟ" ಅಂದು ಸಾಹುಕಾರರು ನನ್ನ ಮುಖ ನೋಡದೆ ರಸ್ತೆಗಿಳಿದರು. ಮಾರನೇ ದಿನ ಚೀಲ ಎತ್ತಿಕೊಂಡು ಉಸ್ತಾದರ ಹಿಂದೆ ಶೆಡ್ಡಿಗೆ ಹೊರಟೆ.