ತೊಳೆದ ಹಾಲಿನ ಕವರು

ಕಸದ ಬಗ್ಗೆ ಭಾಷಣ ಮಾಡುವುದು ಸುಲಭ. ಒಂದು ಗಲ್ಲಿಯವರ ಕೈಯಲ್ಲಿ ಹಾಲಿನ ಕವರು ತೊಳೆಸುವುದು ಎಂಥ ತಲೆನೋವೆಂದು ತಿಳಿಯಬೇಕಾದರೆ ಸುಷ್ಮಿತಾಳನ್ನು ಕೇಳಬೇಕು. ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದ ಅವಳು ಕಾಲೇಜಿನ ಎನ್ನೆಸ್ಸೆಸ್ ತಂಡದ ನಾಯಕಿ. ಕಾಲೇಜಿನ ಹಿಂದಿನ ಗೇಟು ದಾಟಿ ಐದು ನಿಮಿಷ ನಡೆದರೆ ಸಿಗುವ ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯನ್ನು ಆ ವರ್ಷ ಅವಳ ತಂಡಕ್ಕೆ ಒಪ್ಪಿಸಿದ್ದರು. ಮೂವತ್ತೆಂಟು ಮನೆ, ನಾಲ್ಕು ಅಂಗಡಿ. ಹೆಬ್ಬಾಳದಿಂದ ಬೆಳಗಿನ ಬಸ್ಸಿನಲ್ಲಿ, ಪಾಳಿ ಮುಗಿಸಿ ತೂಕಡಿಸುವ ಕಾರ್ಖಾನೆಯವರ ನಡುವೆ ನಿಂತುಕೊಂಡೇ ಬಂದು, ಐದು ವಾರ ಅವಳು ಆ ಗಲ್ಲಿಯ ಬಾಗಿಲುಗಳನ್ನು ತಟ್ಟಿದಳು.

ಕೆಲವರು ತೆರೆಯಲೇ ಇಲ್ಲ. ಕೆಲವರು ತೆರೆದು, ಯಾವ ಪಾರ್ಟಿಯವರು ಎಂದು ವಿಚಾರಿಸಿದರು. ಒಬ್ಬರು ಹೊಸ ಸೋಪಿನ ಪ್ರಚಾರವೆಂದುಕೊಂಡು ಸ್ಯಾಂಪಲ್ ಕೇಳಿದರು. ಹಸಿಕಸ, ಒಣಕಸ ಬೇರೆ ಮಾಡಿ ಎಂದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಮರುವಾರ ಹೋಗಿ ನೋಡಿದರೆ ಟೊಮೇಟೊ ಸಿಪ್ಪೆಯೂ ಬಿಸ್ಕತ್ತಿನ ಕವರೂ ಒಂದೇ ಬಕೆಟ್ಟಿನಲ್ಲಿ ಸಂಸಾರ ಮಾಡುತ್ತಿದ್ದವು.

ಕೊನೆಗೆ ದಾರಿ ತೋರಿಸಿದವರು ಪ್ರೇಮಮ್ಮ. ಗಲ್ಲಿಯ ನಡುಮನೆಯ ಜಗಲಿಯಲ್ಲಿ ದಿನವೂ ಬೆಳಿಗ್ಗೆ ದೋಸೆ ಹಿಟ್ಟು ಮಾರುವ ಹೆಂಗಸು. ಅರವತ್ತರ ಆಸುಪಾಸು, ಗಟ್ಟಿ ದನಿ. ಅಲ್ಲಿ ಯಾರ ಮನೆಯಲ್ಲಿ ದೋಸೆ, ಯಾರ ಮನೆಯಲ್ಲಿ ಜಗಳ ಎಂಬುದೆಲ್ಲ ಅವರಿಗೆ ಗೊತ್ತು. ಮೊದಲ ದಿನ ಅವರೂ ಸುಷ್ಮಿತಾಳನ್ನು ಮೆಟ್ಟಿಲ ಕೆಳಗೇ ನಿಲ್ಲಿಸಿ ಮಾತಾಡಿಸಿದ್ದರು. ಮೂರು ವರ್ಷದ ಹಿಂದೆ ಯಾವುದೋ ಸಂಘದವರು ಬಂದು ಎರಡೆರಡು ಬಕೆಟ್ ಕೊಟ್ಟು, ಬಾಗಿಲಲ್ಲಿ ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲವಂತೆ. ಆ ಬಕೆಟ್ಟುಗಳಲ್ಲಿ ಈಗ ಪ್ರೇಮಮ್ಮ ಅಕ್ಕಿ ನೆನೆಹಾಕುತ್ತಾರೆ.

"ನಾನು ಹಾಲಿನ ಕವರು ತೊಳ್ದು ಒಣಗ್ಸಿ ಕೊಡ್ತೀನಿ ಕಣಮ್ಮ, ಅದೇನು ದೊಡ್ಡ ಕೆಲ್ಸ ಅಲ್ಲ," ಎಂದಿದ್ದರು ಪ್ರೇಮಮ್ಮ. "ಆಮೇಲೆ ಅದು ಎಲ್ಲಿಗೋಯ್ತದೆ, ಅದೇಳು."

ಒಣಕಸದ ಘಟಕಕ್ಕೆ ಹೋಗುತ್ತದೆ, ಅಲ್ಲಿ ಕರಗಿಸಿ ಬೇರೆ ಸಾಮಾನು ಮಾಡುತ್ತಾರೆ, ಪ್ರತಿ ಶನಿವಾರ ನಾನೇ ಜೊತೆಗಿದ್ದು ತಲುಪಿಸುತ್ತೇನೆ ಎಂದು ಸುಷ್ಮಿತಾ ಮಾತು ಕೊಟ್ಟಳು. ಪ್ರೇಮಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಂಬಬಹುದು ಅನ್ನಿಸಿರಬೇಕು.

ಮರುದಿನದಿಂದ ಜಗಲಿಯಲ್ಲಿ ಹೊಸ ಕಾನೂನು ಬಂತು. ತೊಳೆದು ಒಣಗಿಸಿದ ಹಾಲಿನ ಕವರು ತಂದವರಿಗೆ ಮೊದಲು ಹಿಟ್ಟು, ಬರಿಗೈಯಲ್ಲಿ ಬಂದವರು ಕಾಯಬೇಕು. ಎಂಟು ಗಂಟೆಗೆ ಶಾಲೆಯ ವ್ಯಾನು ಬರುವ ಮನೆಗಳವರು ಎಷ್ಟು ದಿನ ಕಾದಾರು? ಬೈದುಕೊಂಡೇ ಕವರು ತೊಳೆಯತೊಡಗಿದರು. ಬಟ್ಟೆ ಒಣಹಾಕುವ ತಂತಿಗಳ ಮೇಲೆ ಸೀರೆ, ಲುಂಗಿಗಳ ಪಕ್ಕದಲ್ಲಿ ಹಾಲಿನ ಕವರುಗಳು ಕ್ಲಿಪ್ಪು ಸಿಕ್ಕಿಸಿಕೊಂಡು ನೇತಾಡಿದವು. ಪ್ರೇಮಮ್ಮ ಅವನ್ನೆಲ್ಲ ಇಪ್ಪತ್ತೈದರ ಕಟ್ಟು ಮಾಡಿ, ಹಳೇ ಹಸಿರು ಸೀರೆಯ ಅಂಚು ಹರಿದು ದಾರ ಮಾಡಿಕೊಂಡು ಬಿಗಿಯುತ್ತಿದ್ದರು. ಲಗೇಜ್ ಆಟೋ ಇಟ್ಟುಕೊಂಡಿದ್ದ ಗಲ್ಲಿಯ ಮಹದೇವುವನ್ನು ಕರೆದು, ಶನಿವಾರ ಒಂದು ಟ್ರಿಪ್ಪು ಘಟಕಕ್ಕೆ ಹಾಕಿಕೊಡು ಎಂದು ಹೇಳಿ ಒಪ್ಪಿಸಿದವರೂ ಅವರೇ. ಅನುಮಾನ ಪಟ್ಟವರಿಗೆಲ್ಲ ಅವರದು ಒಂದೇ ಉತ್ತರ. ಆ ಹುಡುಗಿ ಮಾತು ಕೊಟ್ಟವಳೆ, ತಪ್ಪಿದ್ರೆ ನನ್ನ ಕೇಳಿ.

ಮೊದಲ ಶನಿವಾರ ಹನ್ನೊಂದು ಚೀಲ ತುಂಬಿತು. ಹನ್ನೊಂದು ಚೀಲ ಅಪ್ಪಟ ಒಣಕಸ. ಅದನ್ನು ಆಟೋಗೆ ಹೇರುವಾಗ ಸುಷ್ಮಿತಾಳಿಗೆ ಆದ ಸಂತೋಷ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ. ಘಟಕದವರು ಹನ್ನೆರಡರವರೆಗೆ ಮಾತ್ರ ಮಾಲು ತೆಗೆದುಕೊಳ್ಳುತ್ತಾರೆ, ಒದ್ದೆಯಾಗಿದ್ದರೆ ಮುಟ್ಟುವುದಿಲ್ಲ. ಇನ್ನೂ ಎಂಟೂವರೆ. ಬೇಕಾದಷ್ಟು ಹೊತ್ತಿತ್ತು.

ಆಗಲೇ ವಾಗೀಶ ಸರ್ ಫೋನು ಮಾಡಿದರು.

ವಾಗೀಶ ಸರ್ ಎನ್ನೆಸ್ಸೆಸ್ ಅಧಿಕಾರಿ, ಅರ್ಥಶಾಸ್ತ್ರದ ಮೇಷ್ಟರು. ಕೆಟ್ಟವರಲ್ಲ. ಆದರೆ ವರದಿ ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಕೈಕಾಲು ಆಡುವುದಿಲ್ಲ. ಅಂದು ಹತ್ತಕ್ಕೆ ಕಾಲೇಜಿನಲ್ಲಿ ಸ್ವಚ್ಛತಾ ಪಕ್ಷಾಚರಣೆಯ ಉದ್ಘಾಟನೆಯಿತ್ತು. ಮುಖ್ಯ ಅತಿಥಿಗಳು ಅರ್ಧ ಗಂಟೆ ಮೊದಲೇ ಬರುತ್ತಾರಂತೆ, ಸ್ವಾಗತ ಮಾಡಬೇಕಾದ ನಾಯಕಿ ಎಲ್ಲಿ ಎಂದು ಅವರ ಗಾಬರಿ. ಸುಷ್ಮಿತಾ ಚೀಲಗಳ ವಿಷಯ ಹೇಳಿದಳು. ಅವನ್ನೂ ಇಲ್ಲಿಗೇ ತನ್ನಿ, ಒಂದು ಗಂಟೆಯ ಕಾರ್ಯಕ್ರಮ, ಮುಗಿದ ಮೇಲೆ ನೆಟ್ಟಗೆ ಘಟಕಕ್ಕೆ ಹೋಗಬಹುದು ಎಂದರು. ಲೆಕ್ಕ ಸರಿಯಾಗೇ ಕಂಡಿತು. ಮಹದೇವುಗೆ ಮಾರ್ಕೆಟ್ಟಿನಲ್ಲಿ ಒಂದು ಬಾಡಿಗೆಯಿತ್ತು. ಚೀಲಗಳನ್ನು ಕಾಲೇಜಿನ ಹೊಂಗೆ ಮರದ ಕೆಳಗೆ ಇಳಿಸಿ, ಹನ್ನೊಂದಕ್ಕೆ ಬರುತ್ತೇನೆಂದು ಹೇಳಿ ಹೋದ.

ಈಗ ಆದದ್ದನ್ನು ಹೇಳಲು ನಾಚಿಕೆಯಾಗಬೇಕಾದವರು ಬೇರೆಯವರು, ಆದರೂ ಹೇಳಬೇಕಲ್ಲ. ಹಿಂದಿನ ದಿನ ಸುಷ್ಮಿತಾಳ ತಂಡವೇ ಕಾಲೇಜನ್ನು ಮೂಲೆ ಮೂಲೆ ಗುಡಿಸಿತ್ತು. ತರಗೆಲೆಯೆಲ್ಲ ಗೊಬ್ಬರದ ಗುಂಡಿಗೆ ಹೋಗಿ, ಮೇಲೆ ನೀರೂ ಬಿದ್ದಿತ್ತು. ಆವರಣ ಕನ್ನಡಿಯ ಹಾಗಿತ್ತು. ಹೊಸ ಕಡ್ಡಿಪೊರಕೆ, ಹೊಸ ಕೈಗವಸು, ಹೊಸ ಟೋಪಿಗಳೆಲ್ಲ ಮೇಜಿನ ಮೇಲೆ ಸಿದ್ಧವಾಗಿದ್ದವು. ಗುಡಿಸುವುದಕ್ಕೆ ಮಾತ್ರ ಏನೂ ಇರಲಿಲ್ಲ.

ವಾಗೀಶ ಸರ್ ಅಂಗಳದ ಉದ್ದಗಲ ಎರಡು ಸಲ ನಡೆದರು. ಅತಿಥಿಗಳು ಬರಿ ನೆಲಕ್ಕೆ ಪೊರಕೆ ಆಡಿಸಿದರೆ ಫೋಟೋದಲ್ಲಿ ಏನು ಕಾಣುತ್ತದೆ? ಮುಂದಿನ ತಿಂಗಳು ಮೌಲ್ಯಮಾಪನ ಸಮಿತಿಯವರು ಬಂದು ಕಡತ ತೆರೆದರೆ ಏನು ತೋರಿಸುವುದು? ಹೀಗೆ ಗೊಣಗುತ್ತ ಬಂದವರ ಕಣ್ಣು ಹೊಂಗೆ ಮರದ ಬುಡಕ್ಕೆ ಹೋಯಿತು.

"ಎರಡೇ ಚೀಲ ಸುರೀರಿ," ಎಂದರು. "ಆಮೇಲೆ ಮತ್ತೆ ತುಂಬಿಕೊಂಡರಾಯ್ತು. ಹೇಗಿದ್ದರೂ ಕಸ ತಾನೆ?"

ಆಗುವುದಿಲ್ಲ ಎಂದು ಸುಷ್ಮಿತಾ ಹೇಳಿದಳು. ಅದು ಗಲ್ಲಿಯವರು ತೊಳೆದು ಕೊಟ್ಟದ್ದು, ಹಾಗೇ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದಳು. ವಾಗೀಶ ಸರ್ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಬದಲಿಗೆ, ನೀವೇ ಒಂದು ಉಪಾಯ ಹೇಳಿ ಸುಷ್ಮಿತಾ, ಗೇಟಿನಲ್ಲಿ ಕಾರು ಬಂದು ನಿಂತಿದೆ ಎಂದು ಬೇಡಿಕೊಳ್ಳುವವರ ಹಾಗೆ ನಿಂತರು. ಎರಡೇ ಚೀಲ ಅಲ್ವಾ ಸರ್ ಎಂದು ಕೇಳಿದಳು. ಎರಡೇ ಎಂದರು. ಅವಳು ಹೂಂ ಅಂದಳು. ಅಂದವಳೇ ಸ್ವಾಗತಕ್ಕೆ ಹೂಗುಚ್ಛ ಹಿಡಿದು ಗೇಟಿನ ಕಡೆ ಓಡಿದಳು.

ಭಾಷಣಗಳು ಮುಗಿದು ಸಭಾಂಗಣದಿಂದ ಹೊರಗೆ ಬರುವಾಗ ಹತ್ತೂಕಾಲು. ಅಂಗಳ ನೋಡಿ ಅವಳು ಹೊಂಗೆ ಮರದ ಕಡೆ ಓಡಿದಳು. ಹನ್ನೊಂದು ಚೀಲವೂ ಬರಿದಾಗಿದ್ದವು. ಎರಡು ಚೀಲ ಅಷ್ಟು ದೊಡ್ಡ ಅಂಗಳದಲ್ಲಿ ಕಾಣಲೇ ಇಲ್ಲ, ಅದಕ್ಕೆ ಸರ್ ಎಲ್ಲವನ್ನೂ ಸುರಿಸಿದರು ಎಂದು ಸಹಪಾಠಿ ಯಶಸ್ ತಲೆ ತಗ್ಗಿಸಿ ಹೇಳಿದ. ಬರೀ ಪ್ಲಾಸ್ಟಿಕ್ಕು ಸಹಜವಾಗಿ ಕಾಣುವುದಿಲ್ಲವೆಂದು ಗೊಬ್ಬರದ ಗುಂಡಿಯಿಂದ ಒದ್ದೆ ತರಗೆಲೆಯನ್ನೂ ನಾಲ್ಕು ಬುಟ್ಟಿ ತಂದು ಹರಡಿದ್ದರು.

ಅತಿಥಿಗಳು ಕೈಗವಸು ಹಾಕಿಕೊಂಡು ಗುಡಿಸಿದರು. ಪ್ರಿನ್ಸಿಪಾಲರು ಗುಡಿಸಿದರು. ಆಡಳಿತ ಮಂಡಳಿಯವರು ಇನ್ನೊಂದು ಸಲ, ಈ ಕಡೆಯಿಂದ ಎಂದು ಫೋಟೋದವನಿಗೆ ಹೇಳಿ ಗುಡಿಸಿದರು. ಆಮೇಲೆ ಉಪ್ಪಿಟ್ಟು, ಕಾಫಿ ಬಂತು. ಚಟ್ನಿ ಮೆತ್ತಿದ ಪೇಪರ್ ತಟ್ಟೆ, ಕಾಫಿ ಕುಡಿದ ಲೋಟ, ಎಲ್ಲವೂ ಕಣ್ಣ ಮುಂದೆಯೇ ಇದ್ದ ಆ ಗುಡ್ಡೆಗೇ ಬಿದ್ದವು. ಸ್ವಚ್ಛತೆಯ ಪ್ರತಿಜ್ಞೆ ಬೋಧಿಸಿದ ಅತಿಥಿಗಳ ಲೋಟವೂ ಅಲ್ಲಿಗೇ ಬಂತು. ಸುಷ್ಮಿತಾ ನೋಡುತ್ತ ನಿಂತಿದ್ದಳು. ಕಿರುಚಬೇಕೆನ್ನಿಸಿತು, ಆದರೆ ಅವಳ ಎದೆಯ ಮೇಲೆ ನಾಯಕಿ ಎಂಬ ಬ್ಯಾಡ್ಜಿತ್ತು.

ಕಾರುಗಳು ಹೋದ ಮೇಲೆ ಅವಳು ಮತ್ತು ಯಶಸ್ ನೆಲದ ಮೇಲೆ ಕೂತು ಬರಿಗೈಯಲ್ಲಿ ಕವರುಗಳನ್ನು ಹೆಕ್ಕತೊಡಗಿದರು. ಉಳಿದವರು ತರಗತಿಗೆ ಹೋಗಿದ್ದರು. ಮಹದೇವು ಹನ್ನೊಂದಕ್ಕೆ ಸರಿಯಾಗಿ ಬಂದ. ಕಸದ ಗುಡ್ಡೆಯನ್ನೂ ಇಬ್ಬರ ಕೈಗಳನ್ನೂ ನೋಡಿದ. ತಾನೂ ಕೂತು ಹೆಕ್ಕಿದ. ಹನ್ನೊಂದೂವರೆಗೆ ಒಂದು ಚೀಲವಾಯಿತು, ಅದೂ ಪೂರ್ತಿ ತುಂಬಿರಲಿಲ್ಲ.

"ಉಳ್ದಿದ್ದನ್ನ ಅವ್ರು ಮುಟ್ಟಕಿಲ್ಲ ಮೇಡಂ," ಎಂದ. "ಇಷ್ಟನ್ನ ತಲುಪುಸ್ಬುಟ್ಟು ಬತ್ತೀನಿ."

ಸುಷ್ಮಿತಾ ಜೊತೆಗೆ ಹೋಗಿ ಆ ಒಂದು ಚೀಲವನ್ನು ತಾನೇ ಇಳಿಸಿ ಬಂದಳು. ಕೊಟ್ಟ ಮಾತಿನಲ್ಲಿ ಉಳಿದದ್ದು ಅಷ್ಟೇ. ವಾಪಸು ಬಂದಾಗ ಮಿಕ್ಕ ಗುಡ್ಡೆಯನ್ನು ಕಾಲೇಜಿನವರು ಕ್ಯಾಂಟೀನಿನ ತೊಟ್ಟಿಗೆ ತುಂಬಿಸಿಬಿಟ್ಟಿದ್ದರು. ಅಂಗಳ ಮತ್ತೆ ಕನ್ನಡಿಯಾಗಿತ್ತು. ವಾಗೀಶ ಸರ್ ಕಾರ್ಯಕ್ರಮ ಬಹಳ ಚೆನ್ನಾಗಾಯಿತೆಂದು ಹೊಗಳಿದರು. ಅವಳು ಚೀಲಗಳ ಮಾತು ಎತ್ತಿದಳು. ಮುಂದಿನ ವಾರ ಇನ್ನಷ್ಟು ಕೊಡುತ್ತಾರೆ ಬಿಡಿ, ಕಸಕ್ಕೇನು ಬರವೇ ಎಂದು ಅವರು ನಕ್ಕರು. ಅವಳಿಗೆ ಸಿಟ್ಟು ಬಂತು, ಎದುರು ನಿಂತವರು ಮೇಷ್ಟರೆಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡು ಬಂದಳು.

ವಿಷಯ ಅಲ್ಲಿಗೇ ಮುಗಿದಿದ್ದರೆ ಪ್ರೇಮಮ್ಮನ ಹತ್ತಿರ ಅವಳೇ ಮೊದಲು ಹೋಗಿ ತಪ್ಪೊಪ್ಪಿಕೊಳ್ಳಬಹುದಿತ್ತು. ಆದರೆ ಗಲ್ಲಿಯವರಿಗೆಂದು ಅವಳು ಮಾಡಿದ್ದ ವಾಟ್ಸಾಪ್ ಗುಂಪಿನಲ್ಲಿ ವಾಗೀಶ ಸರ್ ಕೂಡ ಇದ್ದರು. ಸಂಜೆ ಅವರು ಇಪ್ಪತ್ತನಾಲ್ಕು ಫೋಟೋಗಳನ್ನು ಆ ಗುಂಪಿಗೂ ಹಾಕಿ, ಸಹಕರಿಸಿದ ಸಮಸ್ತ ನಾಗರಿಕರಿಗೆ ಧನ್ಯವಾದಗಳು ಎಂದು ಕೈಮುಗಿದಿದ್ದರು. ಏಳನೆಯ ಫೋಟೋದಲ್ಲಿ ಅತಿಥಿಗಳ ಪೊರಕೆಯ ತುದಿಗೆ ಸರಿಯಾಗಿ ಒಂದು ಹಾಲಿನ ಕವರಿನ ಕಟ್ಟು ಬಿದ್ದಿತ್ತು. ಬಿಗಿದಿದ್ದ ಹಸಿರು ಅಂಚು ಬಿಚ್ಚಿಯೇ ಇರಲಿಲ್ಲ. ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ಬೈದು ಒಂದು ಸಾಲು ಬಂದಿದ್ದರೂ ಸುಷ್ಮಿತಾಳಿಗೆ ಸಮಾಧಾನವಾಗುತ್ತಿತ್ತು.

ಭಾನುವಾರ ಬಸ್ಸುಗಳು ಕಡಿಮೆ. ಆದರೂ ಅವಳು ಏಳೂವರೆಗೆಲ್ಲ ಗಲ್ಲಿಯಲ್ಲಿದ್ದಳು. ಜಗಲಿಯ ಮುಂದೆ ನಾಲ್ಕು ಜನ ನಿಂತಿದ್ದರು. ಪ್ರೇಮಮ್ಮ ಹಿಟ್ಟು ಅಳೆಯುತ್ತಿದ್ದರು, ಬಂದವರಿಗೆ ಬಂದ ಸರದಿಯಲ್ಲೇ. ಕೊನೆಯಲ್ಲಿ ನಿಂತ ಹೆಂಗಸಿನ ಕೈಯಲ್ಲಿ ತೊಳೆದ ಕವರುಗಳಿದ್ದವು. ಫೋಟೋ ನೋಡಿರಲಿಲ್ಲವೇನೋ, ಎಂದಿನಂತೆ ಮುಂದೆ ಬಂದು ಚಾಚಿದಳು. ಪ್ರೇಮಮ್ಮ ಅವನ್ನು ತೆಗೆದುಕೊಂಡು, ತೆಂಗಿನಕಾಯಿ ಸಿಪ್ಪೆ, ಕರಿಬೇವಿನ ಕಡ್ಡಿ ಇದ್ದ ಬಕೆಟ್ಟಿಗೆ ಹಾಕಿದರು. ಸರದಿಯಲ್ಲಿ ನಿಂತ್ಕೊಮ್ಮ ಎಂದು ಮೆಲ್ಲಗೆ ಹೇಳಿದರು.

ಎಲ್ಲರೂ ಹೋಗುವವರೆಗೆ ಸುಷ್ಮಿತಾ ಮೆಟ್ಟಿಲ ಕೆಳಗೆ ಕಾದಳು. ಆಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಎರಡು ಚೀಲಕ್ಕೆ ಹೂಂ ಅಂದದ್ದು ತಾನೇ ಎಂಬುದನ್ನೂ ಹೇಳಿದಳು. ಪ್ರೇಮಮ್ಮ ಸೌಟು ತೊಳೆಯುತ್ತ ಕೇಳಿಸಿಕೊಂಡರು. ಬೆಳಿಗ್ಗೆಯೇ ಇಬ್ಬರು ಬಂದು, ನೀವು ಹೇಳಿದ್ರಲ್ಲ ಪ್ರೇಮಮ್ಮ, ತಪ್ಪಿದ್ರೆ ನನ್ನ ಕೇಳಿ ಅಂತ, ಎಂದು ಕೇಳಿ ಹೋಗಿದ್ದರಂತೆ. ಅದನ್ನೂ ದೂರಿನ ಹಾಗೆ ಹೇಳಲಿಲ್ಲ. ಅವಳಿಗೆ ಮೇಲೆ ಬಂದು ಕೂರುವಂತೆ ಕೈಮಾಡಿ, ಒಳಗಿಂದ ಒಂದು ಲೋಟ ಕಾಫಿ ತಂದುಕೊಟ್ಟರು.

ತಂತಿಯ ಮೇಲೆ ಇನ್ನೂ ಏಳೆಂಟು ಕವರುಗಳು ಒಣಗುತ್ತಿದ್ದವು. ಅವನ್ನು ತನಗೆ ಕೊಡಿ, ಆಟೋ ಬೇಡ, ಯಾರೂ ಬೇಡ, ಇವತ್ತೇ ಹೊತ್ತುಕೊಂಡು ಹೋಗಿ ಘಟಕಕ್ಕೆ ಕೊಟ್ಟು ಬರುತ್ತೇನೆ ಎಂದು ಸುಷ್ಮಿತಾ ಕೇಳಿಕೊಂಡಳು. ಪ್ರೇಮಮ್ಮ ಎದ್ದು ಒಂದೊಂದೇ ಕ್ಲಿಪ್ಪು ತೆಗೆದು, ಕವರುಗಳನ್ನು ಮಡಿಸಿ ಅವಳ ಕೈಯಲ್ಲಿಟ್ಟರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಹಾಯ ಮಾಡುವವರ ದನಿಯಲ್ಲೇ ಹೇಳಿದರು.

"ಇನ್ಮೇಲೆ ಫೋಟೋ ಇದ್ರೆ ಮೊದ್ಲೇ ಹೇಳ್ಬುಡು ಮಗ. ತೊಳೀದೇನೇ ಕೊಡ್ತೀವಿ. ತೊಳ್ದಿದ್ದು ಫೋಟೋದಲ್ಲಿ ಕಸದಂಗೆ ಕಾಣಕಿಲ್ಲ."